ಪೊದೆ ಕಡಿಯಬೇಡಿ, ಅದರ ಬುಡದಲ್ಲೇ ಸಸಿ ನೆಡಿ

ಜೂನ್ ಹತ್ತಿರ ಬಂದರೆ ನನಗೆ ಸಂಕಟ ಶುರುವಾಗುತ್ತದೆ. ಗಿಡ ನೆಡುವ ಹುಮ್ಮಸ್ಸಿನಲ್ಲಿ ಜನ ಮೊದಲು ಕತ್ತಿ ಹಿಡಿದು ಗುಡ್ಡದ ಪೊದೆಯನ್ನೆಲ್ಲ ಸವರಿ ಹಾಕುತ್ತಾರೆ. ಜಾಗ ಕ್ಲೀನ್ ಆಗಬೇಕಂತೆ.

ನಾಲ್ಕು ವರ್ಷದ ಹಿಂದೆ ಕುಶಾಲನಗರದ ಕಡೆ ಒಂದು ಗುಡ್ಡದಲ್ಲಿ ನಾನೂ ಇದನ್ನೇ ಮಾಡಿದೆ. ಕೊಡಗು ಅಂದರೆ ಬರೀ ಮಂಜು, ಮಳೆ ಅಂದುಕೊಂಡವರು ಮಾರ್ಚ್‌ನಲ್ಲಿ ಆ ಕಡೆ ಬಂದು ನೋಡಬೇಕು. ಮಡಿಕೇರಿಯ ಮಳೆ ಅಲ್ಲಿಲ್ಲ. ಕಾರೆಮುಳ್ಳು, ಸೂರಿಮುಳ್ಳು, ಕವಳೆ ಎಲ್ಲ ಕಡಿದು, ಸಾಲಾಗಿ ಹೊನ್ನೆ, ಮತ್ತಿ ನೆಟ್ಟೆವು. ಬೇಸಿಗೆಯಲ್ಲಿ ಹೋದರೆ ಬರೀ ಒಣ ಕಡ್ಡಿಗಳು ನಿಂತಿದ್ದವು. ಒಂದೇ ಒಂದು ಹೊನ್ನೆ ಹಸಿರಾಗಿತ್ತು. ಅದು ಮೂಲೆಯಲ್ಲಿ ಕಡಿಯದೆ ಉಳಿದಿದ್ದ ಕಾರೆ ಪೊದೆಯ ಬುಡದಲ್ಲಿತ್ತು. "ಅಲ್ಲಿ ದನ ಬಾಯಿ ಹಾಕೋಕಾಗಲ್ಲ ಅಕ್ಕ" ಅಂದ, ದನ ಮೇಯಿಸುತ್ತಿದ್ದ ಹುಡುಗ.

ಮುಳ್ಳು ದನ ತಡೆಯಿತು, ಸರಿ. ಬಿಸಿಲಿಗೆ ಏನು ಕಥೆ? ಒಣ ಬೆಟ್ಟಗಳ ಗಿಡಗಳ ಬಗ್ಗೆ ನಾನು ಓದಲು ಶುರು ಮಾಡಿದ್ದು ಆಗಲೇ. ಪೊದೆಯ ನೆರಳಲ್ಲಿ ಮಣ್ಣು ಕಡಿಮೆ ಕಾಯುತ್ತದೆ, ತೇವ ಬೇಗ ಆರುವುದಿಲ್ಲ. ಉದುರಿದ ಎಲೆ ಗೊಬ್ಬರವಾಗುತ್ತದೆ. ಕೊಂಬೆಯ ಮೇಲೆ ಕೂತ ಹಕ್ಕಿ ಬೀಜ ಉದುರಿಸುತ್ತದೆ. ಸ್ಪೇನಿನ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ವಿಜ್ಞಾನಿಗಳು 11 ಜಾತಿಯ 18,000ಕ್ಕೂ ಹೆಚ್ಚು ಸಸಿಗಳನ್ನು 16 ಬಗೆಯ ಪೊದೆಗಳ ಕೆಳಗೆ ನೆಟ್ಟು ನೋಡಿದರು. 2004ರಲ್ಲಿ ಲೆಕ್ಕ ಹೊರಬಂತು. ಬಯಲಲ್ಲಿ ನೆಟ್ಟದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಸಸಿಗಳು ಪೊದೆಯ ಕೆಳಗೆ ಬದುಕಿದ್ದವು. ಬಿಸಿಲು ಬೀಳುವ ಒಣ ಇಳಿಜಾರಿನಲ್ಲಿ ಪೊದೆಯ ಸಹಾಯ ಇನ್ನೂ ಹೆಚ್ಚು!

ಗಿಡಗಳು ನೀರಿಗೆ, ಬೆಳಕಿಗೆ ಕಿತ್ತಾಡುತ್ತವೆ ಅಂತಲೇ ನಾವು ಶಾಲೆಯಲ್ಲಿ ಕಲಿತದ್ದು, ಅಲ್ವಾ? ಅದು ಸುಳ್ಳಲ್ಲ. ಆದರೆ ಪರಿಸರ ವಿಜ್ಞಾನಿ ರೇಗನ್ ಕ್ಯಾಲವೇ ಮತ್ತು ಜೊತೆಗಾರರು ಜಗತ್ತಿನ ಬೇರೆ ಬೇರೆ ಬೆಟ್ಟಗಳಲ್ಲಿ ಗಿಡಗಳ ಅಕ್ಕಪಕ್ಕದವನ್ನು ತೆಗೆದು ನೋಡಿದರು. ತಗ್ಗಿನಲ್ಲಿ ಉಳಿದ ಗಿಡ ಚೆನ್ನಾಗಿ ಬೆಳೆಯಿತು. ತೀರಾ ಎತ್ತರದಲ್ಲಿ, ಚಳಿಗಾಳಿಗೆ ಸಿಕ್ಕಲ್ಲಿ, ಹಾಗೆ ಒಂಟಿಯಾದ ಗಿಡ ಸೊರಗಿತು. 2002ರಲ್ಲಿ ಪ್ರಕಟವಾದ ಆ ಕೆಲಸವನ್ನು ಓದಿದ ದಿನ ನಾನು ನಮ್ಮ ಕಡ್ಡಿಗಳನ್ನೇ ನೆನೆಸಿಕೊಂಡೆ.

ಕಾಫಿ ಬೆಳೆಯುವ ನಮಗೆ ಇದು ಹೊಸದೇನಲ್ಲ. ಎಳೆ ಕಾಫಿ ಗಿಡದ ನೆರಳಿಗೆ ಹಾಲುವಾಣದ ಗೂಟ ನೆಡುತ್ತೇವೆ. ಮೊದಲ ಬೇಸಿಗೆಯಲ್ಲಿ ಸೊಪ್ಪು ಹೊದಿಸಿ ಕಾಯುತ್ತೇವೆ. ತೋಟದಲ್ಲಿ ಇಷ್ಟೆಲ್ಲ ಮಾಡುವ ನಾವು, ಗುಡ್ಡದ ಹೊನ್ನೆಯನ್ನು ಮಾತ್ರ ಯಾಕೆ ಬಟಾಬಯಲಲ್ಲಿ ನಿಲ್ಲಿಸುತ್ತೇವೆ?

ಹಾಗಂತ ಎಲ್ಲ ಪೊದೆಯೂ ಒಂದೇ ಅಲ್ಲ. ಸ್ಪೇನಿನಲ್ಲೂ ಸಿಸ್ಟಸ್ ಎಂಬ ಪೊದೆಯ ಕೆಳಗೆ ಸಸಿಗಳಿಗೆ ಲಾಭವಾಗಲಿಲ್ಲ. ನಮ್ಮಲ್ಲಿ ಲಂಟಾನ ಇದೆ. ಅದು ಹೊರಗಿನಿಂದ ಬಂದು ಕಾಡಿನ ಅಡಿಯನ್ನೆಲ್ಲ ನುಂಗುತ್ತಿದೆ. ಅದನ್ನು ಬೇರುಸಹಿತ ಕೀಳಿ, ನಾನೂ ಗುದ್ದಲಿ ಹಿಡಿದು ಬರುತ್ತೇನೆ. ಆದರೆ ಕಾರೆಯನ್ನು, ಕವಳೆಯನ್ನು ಮುಟ್ಟಬೇಡಿ. ಅದರ ಬುಡದಲ್ಲಿ, ಮಧ್ಯಾಹ್ನದ ಬಿಸಿಲು ತಾಗದ ಕಡೆ ಗುಂಡಿ ತೋಡಿ. ಸಾಲು ಸೊಟ್ಟಗಾಗುತ್ತದೆ, ಫೋಟೋದಲ್ಲಿ ಅಂದವಾಗಿ ಕಾಣುವುದಿಲ್ಲ. ಆಗಲಿ ಬಿಡಿ.

ಆ ಹೊನ್ನೆ ಈಗ ನನ್ನ ಭುಜದ ಎತ್ತರಕ್ಕೆ ಬಂದಿದೆ. ಕಾರೆ ಪೊದೆಯ ನಡುವಿನಿಂದ ತಲೆ ಹೊರಗೆ ಹಾಕಿದೆ. ಈ ಜೂನ್‌ನಲ್ಲಿ ನೆಡಲು ಹೊರಟವರು ಕತ್ತಿ ಎತ್ತುವ ಮೊದಲು ಒಂದು ಮಾತು ಹೇಳಿ, ಕರೆದುಕೊಂಡು ಹೋಗಿ ತೋರಿಸುತ್ತೇನೆ.