ಶಾಂತಿಗೆ ಚಕ್ಕುಬಂದಿ ಬರೆಯುವುದು ಹೇಗೆ?

ಮಡಿಕೇರಿಯಲ್ಲಿ ಮಳೆ ಹಿಡಿದರೆ ಹೋಟೆಲ್ ಬೆಂಚಿನ ಮೇಲೆ ಇಸ್ರೇಲ್-ಅರಬ್ ಜಗಳ ಇತ್ಯರ್ಥವಾಗುತ್ತದೆ. "ಒಂದಿಷ್ಟು ಜಾಗ ಬಿಟ್ಟುಕೊಟ್ರೆ ಮುಗೀತಲ್ಲ ಮಾರಾಯ್ರೇ" ಎಂದು ಎರಡನೇ ಕಾಫಿ ಬರುವುದರೊಳಗೆ ಇಸ್ರೇಲ್ ಸಿರಿಯಾದಿಂದ ಹಿಡಿದ ಗೋಲನ್ ಬೆಟ್ಟ ಹಂಚಿಬಿಡುವ ಈ ಧರ್ಮಾತ್ಮರು, ಪಕ್ಕದ ತೋಟದವರ ಸಿಲ್ವರ್ ಮರ ತಮ್ಮ ಬಾಣೆಗೆ (ಗದ್ದೆಗೆ ಸೇರಿದ ಗುಡ್ಡದ ಜಾಗಕ್ಕೆ) ಎರಡಡಿ ನುಗ್ಗಿದೆಯೆಂದು ಅಜ್ಜನ ಕಾಲದಿಂದ ಕೋರ್ಟಿಗೆ ಅಲೆಯುತ್ತಿರುವವರು.

ಇರಲಿ, ಕೊಡುವುದಾದರೆ ಕ್ರಮವಾಗಿ ಕೊಡೋಣ. ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ತುಂಡೊಂದು ಕೈಬದಲಾಗಲು, ದಾಖಲೆಯಲ್ಲಿ ಹೆಸರಿರುವ ಪಟ್ಟೇದಾರನ ಸಹಿಯೊಂದೇ ಸಾಲದು, ಒಕ್ಕದ (ಮನೆತನದ) ಹಕ್ಕುದಾರರೆಲ್ಲ ಒಪ್ಪಬೇಕು. ಸರ್ವೆಯವರ 11ಇ ನಕ್ಷೆ, ನೋಂದಣಿ, ಮ್ಯುಟೇಶನ್ ಎಲ್ಲ ಮುಗಿದ ಮೇಲೆ ಪಹಣಿಯ 9ನೇ ಕಾಲಂನಲ್ಲಿ ಹೊಸ ಹೆಸರು ಕೂರುತ್ತದೆ. ಬದಲಿಗೆ ಬರುವ ಶಾಂತಿಗೆ ಚಕ್ಕುಬಂದಿ ಏನೆಂದು ಬರೆಯುವುದು? ಪೂರ್ವಕ್ಕೆ ಕದನವಿರಾಮ, ಪಶ್ಚಿಮಕ್ಕೆ ಮುಂದಿನ ಚುನಾವಣೆ? ಜಾಗ ಒಂದೇ ಸಲ ಹೋಗುತ್ತದೆ. ಶಾಂತಿ ಗೇಣಿಯ ಹಾಗೆ ವರ್ಷವರ್ಷವೂ ಬರಬೇಕು. ಬಾರದಿದ್ದರೆ ಜಪ್ತಿಗೆ ಯಾವ ಅಮೀನನನ್ನು ಕಳಿಸುತ್ತೀರಿ?

ಈ ವ್ಯಾಪಾರದ ಮೂಲಪತ್ರ 1967ರ ನವೆಂಬರ್ 22ರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 242ನೇ ನಿರ್ಣಯ, ಆ ವರ್ಷದ ಯುದ್ಧದಲ್ಲಿ ಇಸ್ರೇಲ್ ಹಿಡಿದ ಜಾಗದ ಬಗ್ಗೆ. ಇಂಗ್ಲಿಷ್ ಪ್ರತಿಯಲ್ಲಿ 'ಆಕ್ರಮಿತ ಪ್ರದೇಶಗಳಿಂದ' ಹಿಂದೆ ಸರಿಯಬೇಕು ಎಂದಿದೆ, ಆದರೆ 'ಪ್ರದೇಶ'ದ ಹಿಂದೆ ಒಂದು 'ದಿ' ಇಲ್ಲ. ಹಾಗಾದರೆ ಪೂರ್ತಿ ಅಲ್ಲ ಎಂದು ಇಸ್ರೇಲ್. ಫ್ರೆಂಚ್ ಪ್ರತಿ ಓದಿ, ಪೂರ್ತಿ ಎಂದೇ ಇದೆ ಎಂದು ಅರಬರು. ಸರ್ವೆ ನಂಬರ್ ಹಾಕಿ ಸೆಂಟು ಬರೆಯದೆ ಬಿಟ್ಟ ಪತ್ರಬರಹಗಾರನಿಗೆ ವಿರಾಜಪೇಟೆಯಲ್ಲಿ ಎರಡನೇ ಗಿರಾಕಿ ಸಿಗುವುದಿಲ್ಲ.

ಇಸ್ರೇಲ್ ಈಜಿಪ್ಟಿಗೆ ಮರಳಿಸಿದ ಸಿನಾಯಿ ಮರುಭೂಮಿಯ ಒಪ್ಪಂದ ನಿಂತಿತಲ್ಲ ಎನ್ನುತ್ತೀರಿ. ನಿಂತಿತು. 1979ರಲ್ಲಿ ಸಹಿ, 1982ರ ಏಪ್ರಿಲ್ 25ಕ್ಕೆ ತೆರವು. ಬರೀ ಮರಳು ಕೊಟ್ಟು ಕೈತೊಳೆದುಕೊಂಡಿದ್ದರೆ ನಿಲ್ಲುತ್ತಿತ್ತೋ ಇಲ್ಲವೋ. ಎದುರಿಗೆ ಸಹಿ ಹಾಕಲು ಒಂದು ಸರ್ಕಾರವಿತ್ತು. ಮರುಭೂಮಿಯನ್ನು ಎ, ಬಿ, ಸಿ ಎಂದು ಸೀಳಿದರು. ಎ ವಲಯದಲ್ಲಿ ಈಜಿಪ್ಟಿಗೆ ಹೆಚ್ಚೆಂದರೆ 22,000 ಸೈನಿಕರು, 230 ಟ್ಯಾಂಕ್. ಸಿ ವಲಯದಲ್ಲಿ ಬರೀ ಪೊಲೀಸರು, ಕಾವಲಿಗೆ ಬಹುರಾಷ್ಟ್ರೀಯ ಪಡೆ. (ಕೋವಿಗೆ ಲೈಸೆನ್ಸ್ ವಿನಾಯಿತಿ ಪಡೆದ ಜಮ್ಮಾ ಹಿಡುವಳಿದಾರರಿಗೆ ಈ ಲೆಕ್ಕ ಕಿರಿಕಿರಿ ಅನ್ನಿಸಬಹುದು.) ಅಷ್ಟಾದರೂ 91ನೇ ಗಡಿಕಲ್ಲು ಎಲ್ಲಿತ್ತು ಎಂಬ ತಕರಾರಿನಲ್ಲಿ ತಾಬಾ ಎಂಬ ಕಡಲಂಚಿನ ತುಣುಕು 1989ರವರೆಗೆ ಎಳೆಯಿತು. ಗಡಿಕಲ್ಲಿಗೆ ಕಾಲು ಬರುವುದು ನಮ್ಮ ಬಾಣೆಗಳಲ್ಲಿ ಮಾತ್ರ ಅಂದುಕೊಂಡಿದ್ದೆವು.

ಗಾಜಾದಲ್ಲಿ ಈ ತಂಟೆಯೇ ಬೇಡವೆಂದು ಇಸ್ರೇಲಿನವರು 2005ರಲ್ಲಿ ತಮ್ಮ 21 ವಸಾಹತು ಕಿತ್ತು, ಕರಾರಿಲ್ಲದೆ ಹೊರಟರು. ಆಕಾಶ, ಕಡಲು ಮಾತ್ರ ಕೈಯಲ್ಲೇ ಇಟ್ಟುಕೊಂಡರು. 2007ಕ್ಕೆ ಹಮಾಸ್ ಹಿಡಿತ. ಆಚೆಯಿಂದ ರಾಕೆಟ್, ಈಚೆಯಿಂದ ದಿಗ್ಬಂಧನ. ಪಶ್ಚಿಮ ದಂಡೆಯಲ್ಲಿ ಆಡಳಿತ, ಕಾವಲು ಇಸ್ರೇಲಿನದೋ ಪ್ಯಾಲೆಸ್ತೀನಿಯರದೋ ಎಂದು ಹಂಚಿದ ಎ, ಬಿ, ಸಿ ವಿಂಗಡಣೆಯಂತೂ ಐದು ವರ್ಷದ ತಾತ್ಕಾಲಿಕ ಏರ್ಪಾಡಿನ ಭಾಗವಾಗಿ 1995ರಲ್ಲಿ ಬಂದದ್ದು, ರಸ್ತೆಬದಿಯ ತಾತ್ಕಾಲಿಕ ಶೆಡ್ಡಿನ ಹಾಗೆ ಈಗಲೂ ನಿಂತಿದೆ.

ಬೆಂಚಿನ ಮೇಲಿನ ಧರ್ಮಾತ್ಮರಿಗೆ ಇಷ್ಟು ಹೇಳಿ, ಆ ಸಿಲ್ವರ್ ಮರದ ಎರಡಡಿ ಬಿಟ್ಟುಬಿಡಬಾರದೇ ಎಂದು ಕೇಳಿ ನೋಡಿ. ಲೋಟ ಕೆಳಗಿಡುತ್ತಾರೆ.

"ಎರಡಡಿಯ ಪ್ರಶ್ನೆ ಅಲ್ಲ ಮಾರಾಯ್ರೇ, ಮರ್ಯಾದೆಯ ಪ್ರಶ್ನೆ."