ತಲೆಬಿಸಿ

ಗೇಮ್‌ನ ಕೊನೆಯ ರಾಕ್ಷಸನಿಗೆ ಜೀವ ಒಂದು ಚೂರು ಉಳಿದಿತ್ತು. ಇನ್ನೆರಡು ಏಟು ಬಿದ್ದಿದ್ದರೆ ಮುಗಿದೇ ಹೋಗುತ್ತಿದ್ದ. ಅಷ್ಟರಲ್ಲಿ ಪರದೆ ಕಪ್ಪಾಯಿತು. ಕರೆಂಟು ಹೋಯಿತೇನೋ ಅಂತ ತಲೆ ಎತ್ತಿದರೆ ಲೈಟು ಚೆನ್ನಾಗಿಯೇ ಉರಿಯುತ್ತಿತ್ತು. ಹೋಗಿದ್ದು ನನ್ನ ಕಂಪ್ಯೂಟರ್ ಮಾತ್ರ.

ಆ ವಾರದಲ್ಲಿ ಇದು ನಾಲ್ಕನೇ ಸಲ. ಪ್ರತಿ ಸಲವೂ ಮುನ್ಸೂಚನೆ ಇರುತ್ತಿತ್ತು. ಮೊದಲು ಫ್ಯಾನ್ ಹಿಟ್ಟಿನ ಗಿರಣಿಯ ಹಾಗೆ ಕೂಗುವುದು. ಆಮೇಲೆ ನನ್ನ ವೀರ ಸೊಂಟದ ತನಕ ನೀರಲ್ಲಿ ನಿಂತವನ ಹಾಗೆ ಓಡುವುದು. ಉಷ್ಣತೆ ತೋರಿಸುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಸುಮ್ನೆ ಇದ್ದಾಗ 45 ಡಿಗ್ರಿ, ಆಟ ಶುರುವಾದ ಹತ್ತು ನಿಮಿಷಕ್ಕೆ 98. ಇನ್ನೆರಡು ಡಿಗ್ರಿ ಏರಿದರೆ ನೀರು ಕುದಿಯುತ್ತದೆ! ಅಷ್ಟು ಬಿಸಿಯಾದಾಗ ಪ್ರೊಸೆಸರ್, ಅಂದರೆ ಲೆಕ್ಕಾಚಾರವನ್ನೆಲ್ಲ ಮಾಡುವ ಮುಖ್ಯ ಚಿಪ್ಪು, ಮೊದಲು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಆಗಲೂ ತಣಿಯದಿದ್ದರೆ, ಸುಟ್ಟುಹೋಗುವ ಬದಲು ಅಂಗಡಿ ಮುಚ್ಚುತ್ತದೆ. ನನಗಿಂತ ಬುದ್ಧಿವಂತ.

ಮೊದಲ ಚಿಕಿತ್ಸೆ ಸುಲಭದ್ದು. ಕಂಪ್ಯೂಟರಿನ ಡಬ್ಬ, ಅಂದರೆ ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ಕಳಚಿ ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ. 88ಕ್ಕೆ ಇಳಿಯಿತು. ಮನುಷ್ಯರು ಬೆವರುತ್ತಿದ್ದರೆ ಗಾಳಿ ಡಬ್ಬಕ್ಕಾ ಅಂತ ಮನೆಯಲ್ಲಿ ಕೇಳಿದರು. ಪ್ರಶ್ನೆ ನ್ಯಾಯವಾಗಿತ್ತು, ಫ್ಯಾನ್ ವಾಪಸ್ ಹೋಯಿತು.

ಸರಿ, ಧೂಳು ತೆಗೆಯೋಣ ಅಂತ ಬ್ರಷ್ ಹಿಡಿದು ಕುಳಿತೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಆದರೂ ಪ್ರೊಸೆಸರ್ ಮೇಲೆ ಕೂತು ಅದನ್ನು ತಣಿಸುವ ಕೂಲರ್‌ನ ಲೋಹದ ಪಟ್ಟಿಗಳ ಸಂದಿಯಿಂದ ಒಂದು ಬೆಕ್ಕಿಗಾಗುವಷ್ಟು ತುಪ್ಪಳ ಬಂತು. ಉಳಿದದ್ದನ್ನು ಬಾಯಿಂದ ಊದಿದೆ, ಅದು ಸೀದಾ ಕಣ್ಣಿಗೆ ಬಿತ್ತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಥರ್ಮಲ್ ಪೇಸ್ಟ್ ಬದಲಿಸುವ ಹುಮ್ಮಸ್ಸು ಬಂತು. ಪ್ರೊಸೆಸರ್ ಮತ್ತು ಕೂಲರ್ ಎರಡೂ ನುಣುಪಾಗಿ ಕಂಡರೂ ನಡುವೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಅಲ್ಲಿ ಗಾಳಿ ನಿಂತರೆ ಬಿಸಿ ದಾಟುವುದಿಲ್ಲ. ಆ ಸಂದು ತುಂಬುವುದೇ ಪೇಸ್ಟ್‌ನ ಕೆಲಸ. ನನ್ನದು ಬತ್ತಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಕೂಲರ್ ತೆಗೆಯುವ ಮೊದಲು ಕಂಪ್ಯೂಟರ್ ಸ್ವಲ್ಪ ಹೊತ್ತು ಓಡಿಸಿ, ಪೇಸ್ಟ್ ಮೆತ್ತಗಾದ ಮೇಲೆ ಆಫ್ ಮಾಡಿ, ಕೂಲರನ್ನು ಅತ್ತಿತ್ತ ತಿರುಗಿಸಿ ಬಿಡಿಸಬೇಕು. ನಾನು ಮೂಲಂಗಿ ಕಿತ್ತ ಹಾಗೆ ಕಿತ್ತೆ. ಜೊತೆಗೆ ಪ್ರೊಸೆಸರೂ ಎದ್ದು ಬಂತು.

ಎದೆ ಧಸಕ್ಕೆಂದಿತು. ಅದರ ಹೊಟ್ಟೆಯ ತುಂಬ ಸಾವಿರಕ್ಕೂ ಜಾಸ್ತಿ ಪಿನ್ನುಗಳು, ಎರಡು ಬಾಗಿದ್ದವು. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಅವನ್ನು ನೆಟ್ಟಗೆ ಮಾಡುವಷ್ಟು ಹೊತ್ತೂ ನಾನು ಉಸಿರಾಡಿದ ನೆನಪಿಲ್ಲ. ಆಮೇಲೆ ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಚ್ಚಿ, ಎಲ್ಲ ಜೋಡಿಸಿ ಆನ್ ಮಾಡಿದೆ. ಗೇಮ್ ಪೂರ್ತಿ ತೆರೆಯುವ ಮೊದಲೇ ನೂರು ಡಿಗ್ರಿ! ಕೂಲರ್ ಫ್ಯಾನಿನ ವೈರ್ ಸಿಕ್ಕಿಸಲು ಮರೆತಿದ್ದೆ. ಆನ್ ಮಾಡಿದಾಗಲೇ ಪರದೆ ಮೇಲೆ ಎಚ್ಚರಿಕೆ ಬಂದಿತ್ತು. ಅದನ್ನೆಲ್ಲ ಯಾರು ಓದುತ್ತಾರೆ, ಎಫ್1 ಒತ್ತಿ ಮುಂದೆ ಹೋಗಿದ್ದೆ.

ವೈರ್ ಸಿಕ್ಕಿಸಿದ ಮೇಲೂ 91. ಇಷ್ಟೆಲ್ಲ ಮಾಡಿಯೂ 91! ಸಿಟ್ಟಿಗೆ ಮೂಗು ಒರೆಸಿಕೊಂಡ ಟಿಶ್ಯೂವನ್ನು ಹಿಂದಕ್ಕೆ ಎಸೆದೆ. ಅದು ಕೆಳಗೆ ಬೀಳಲಿಲ್ಲ. ಕ್ಯಾಬಿನೆಟ್‌ನ ಹಿಂದಿನ ಜಾಲರಿಗೆ ಹೋಗಿ ಅಂಟಿಕೊಂಡಿತು.

ಬಿಸಿ ಗಾಳಿಯನ್ನು ಹೊರಗೆ ತಳ್ಳಬೇಕಾದ ಫ್ಯಾನ್ ಒಳಗೆ ಎಳೆಯುತ್ತಿತ್ತು. ಮುಂದಿನದೂ ಒಳಗೆ, ಹಿಂದಿನದೂ ಒಳಗೆ. ಫ್ಯಾನಿನ ಗಾಳಿ ಮೋಟಾರು ಹಿಡಿದ ಕಡ್ಡಿಗಳಿರುವ ಕಡೆಯಿಂದ ಹೊರಬರುತ್ತದೆ, ಅಂದರೆ ಆ ಕುರೂಪಿ ಮುಖವೇ ಹೊರಗಿರಬೇಕು. ಮೂರು ವರ್ಷದ ಹಿಂದೆ ಇದನ್ನು ಜೋಡಿಸಿದ ಮಹಾಶಯ ಚೆಂದದ ಮುಖ ಹೊರಗೆ ಕಾಣಲಿ ಅಂತ ತಿರುಗಿಸಿ ಹಾಕಿದ್ದ. ಹೊರಗೆ ಇದ್ದದ್ದು ಗೋಡೆ. ಮಹಾಶಯ ನಾನೇ.

ನಾಲ್ಕು ಸ್ಕ್ರೂ, ಐದು ನಿಮಿಷ. 74 ಡಿಗ್ರಿ.

ಆ ರಾತ್ರಿ ರಾಕ್ಷಸನ ಮುಂದೆ ಮತ್ತೆ ನಿಂತೆ. ಎರಡೇ ಏಟಿಗೆ ಅವನು ನನ್ನನ್ನು ಮಲಗಿಸಿದ. ಅಭ್ಯಾಸಬಲದಿಂದ ಕ್ಯಾಬಿನೆಟ್ ಹಿಂದೆ ಕೈಯಿಟ್ಟು ನೋಡಿದೆ. ಬಿಸಿ ಗಾಳಿ ಸರಿಯಾಗಿ ಹೊರಗೆ ಬರುತ್ತಿತ್ತು. ಯಾವುದಕ್ಕೂ ಇರಲಿ ಅಂತ ಇನ್ನೊಂದು ಸಲ ಕೈಯಿಟ್ಟೆ.