ಮೂರನೆಯ ಸೀಟಿ

ಬೇಸಿಗೆಯ ಎರಡು ತಿಂಗಳು ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲಿಗೆ ಸರ್ಕಾರವೇ ಶರಣಾಗಿ ಮಾಡಿದ ಏರ್ಪಾಡು. ದಕ್ಷಿಣದ ಕಡೆಯ ನೆಂಟರು ಇದನ್ನು ಕೇಳಿ, “ಮಧ್ಯಾಹ್ನವೇ ಮನೆಗೆ! ಪುಣ್ಯವಂತರು ನೀವು” ಎನ್ನುತ್ತಾರೆ. ಆ ಪುಣ್ಯವಂತನ ಬೆಳಗಿನ ಏಳು ಗಂಟೆ ಹೇಗಿರುತ್ತದೆ ಎಂದು ಒಬ್ಬರೂ ಕೇಳಿದ್ದಿಲ್ಲ. ನಾಲ್ಕು ದಿನದ ಮೇಲೆ ನಲ್ಲಿಗೆ ನೀರು ಬಂದಿರುತ್ತದೆ, ಇಸ್ತ್ರಿಯಾದ ಅಂಗಿಗೆ ಗುಂಡಿ ಇರುವುದಿಲ್ಲ, ಸ್ಕೂಟರಿನ ಕೀಲಿಕೈ ನಿನ್ನೆಯ ಪ್ಯಾಂಟಿನಲ್ಲಿರುತ್ತದೆ, ನಿನ್ನೆಯ ಪ್ಯಾಂಟು ಬಕೆಟ್ಟಿನಲ್ಲಿ ನೆನೆಯುತ್ತಿರುತ್ತದೆ.

ಇಂಥ ಒಂದು ಏಪ್ರಿಲ್‌ನಲ್ಲಿ ಕಚೇರಿಯಲ್ಲಿ ಒತ್ತಡ ನಿವಾರಣೆಯ ಒಂದು ದಿನದ ತರಬೇತಿ ನಡೆಯಿತು. ತಡವಾಗಿ ಬಂದವರಿಗೆ ನೋಟಿಸ್ ಎಂದು ಸುತ್ತೋಲೆಯಲ್ಲಿ ಮೊದಲೇ ಬರೆದಿದ್ದರಿಂದ ಒತ್ತಡಕ್ಕೆ ಕೊರತೆಯೇನೂ ಆಗಲಿಲ್ಲ.

ತರಬೇತುದಾರರು ಬೆಂಗಳೂರಿನವರು. ರಾತ್ರಿಯಿಡೀ ರೈಲಿನಲ್ಲಿ ಕುಲುಕಿಸಿಕೊಂಡು ಬಂದಿದ್ದರೂ ಮುಖದ ಮೇಲೆ ಒಂದು ನೆರಿಗೆಯಿರಲಿಲ್ಲ. ಕಲಿಸಲು ಬಂದದ್ದು ‘ಮೈಂಡ್‌ಫುಲ್‌ನೆಸ್’, ಎಂದರೆ ಆ ಕ್ಷಣದಲ್ಲಿ ಮಾಡುತ್ತಿರುವುದರ ಮೇಲೆಯೇ ಪೂರ್ತಿ ಗಮನವಿಡುವುದು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಎಂಬುವರು ದೀರ್ಘಕಾಲದ ನೋವಿನ ರೋಗಿಗಳಿಗಾಗಿ ಇದನ್ನು ಎಂಟು ವಾರಗಳ ಪಾಠ ಮಾಡಿದರು, ಮೂಲ ಮಾತ್ರ ಬುದ್ಧನದು, ಪಾಲಿಯಲ್ಲಿ ಇದಕ್ಕೆ ‘ಸತಿ’ ಎನ್ನುತ್ತಾರೆ ಎಂದು ವಿವರಿಸಿದರು. “ದಿನದ ಪ್ರತಿ ಕ್ಷಣವೂ ಸತಿ ನಿಮ್ಮೊಂದಿಗಿರಬೇಕು” ಎಂದರು.

ಪಕ್ಕದಲ್ಲಿದ್ದ ಹಿರಿಯ ಗುಮಾಸ್ತರು ಗಾಬರಿಯಾಗಿ ನನ್ನತ್ತ ನೋಡಿದರು. “ಪ್ರತಿ ಕ್ಷಣವೂ?”

ಅದು ಸಂಸ್ಕೃತದ ‘ಸ್ಮೃತಿ’, ಎಂದರೆ ನೆನಪು, ಎಚ್ಚರ ಎಂದು ಆಮೇಲೆ ಬಿಡಿಸಿ ಹೇಳಿದರು. ನಮ್ಮವರಿಗೆ ಅರ್ಧ ಸಮಾಧಾನವಾಯಿತು. “ನಮ್ಮ ಮನೆಯಲ್ಲಿ ಎರಡೂ ಒಂದೇ. ಎಲ್ಲವನ್ನೂ ಅವಳೇ ನೆನಪಿಸುತ್ತಾಳೆ” ಎಂದರು.

ನಂತರ ತಲೆಗೊಂದು ಒಣದ್ರಾಕ್ಷಿ ಹಂಚಿದರು. ಐದು ನಿಮಿಷ ನೋಡಬೇಕು, ಮೂಸಬೇಕು, ಕಿವಿಯ ಬಳಿ ಹಿಡಿದು ಹಿಸುಕಬೇಕು, ಕಡೆಗೆ ನಾಲಿಗೆಯ ಮೇಲಿಟ್ಟುಕೊಳ್ಳಬೇಕು. ಹಿರಿಯರು ಇಷ್ಟನ್ನು ಕೇಳುವಷ್ಟರಲ್ಲೇ ನುಂಗಿಬಿಟ್ಟಿದ್ದರು. ಸುಸಲಾ, ಮಿರ್ಚಿ ಬರುವ ಹೊತ್ತಿಗೆ ಇದು ಪೀಠಿಕೆ ಎಂದುಕೊಂಡಿದ್ದರಂತೆ. ನಾನು ಮಾತ್ರ ನಿಯಮ ಬಿಡಲಿಲ್ಲ. ಬೆರಳ ನಡುವೆ ಹಿಡಿದು ಅದರ ಸುಕ್ಕುಗಳನ್ನು ನೋಡಿದೆ: ಒಂದು ಗೆರೆ ತುದಿಯಿಂದ ಹೊರಟು ಇಬ್ಭಾಗವಾಗಿ, ತೊಟ್ಟಿದ್ದ ಜಾಗದ ಕಪ್ಪು ಚುಕ್ಕೆಯ ಹತ್ತಿರ ಮತ್ತೆ ಕೂಡಿಕೊಂಡಿತ್ತು. ಹತ್ತು ವರ್ಷದಿಂದ ಪಾಯಸದಲ್ಲಿ ಲೆಕ್ಕವಿಲ್ಲದಷ್ಟು ತಿಂದಿದ್ದೇನೆ, ಒಂದನ್ನೂ ನೋಡಿರಲಿಲ್ಲ. ಅಷ್ಟಕ್ಕೆ ನಾನು ಸೋತೆ. ಇನ್ನು ಮೇಲೆ ಬದುಕನ್ನು ಹೀಗೆಯೇ ನಡೆಸುವುದೆಂದು ನಿರ್ಧರಿಸಿದೆ.

ಮೊದಲು ಮೊಬೈಲ್‌ಗೆ ಒಂದು ಆ್ಯಪ್ ಹಾಕಿಕೊಂಡೆ. ಅದು ಗಂಟೆಗೊಮ್ಮೆ ಟಣ್ ಎಂದು ಬಾರಿಸಿ, “ಈಗ ನೀವು ಎಲ್ಲಿದ್ದೀರಿ?” ಎಂದು ಕೇಳುತ್ತಿತ್ತು. ಜಗತ್ ವೃತ್ತದ ನಡುವೆ ಬಾರಿಸಿದಾಗ ಸ್ಕೂಟರು ನಿಲ್ಲಿಸಿ ಓದಿದೆ. ಹಿಂದಿನ ಆಟೋದವನು ಅದೇ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳಿದ. ಆ್ಯಪ್ ತೆಗೆದುಹಾಕಿದೆ.

ಆಮೇಲೆ ನಡಿಗೆಯ ಧ್ಯಾನ. ಬುದ್ಧನ ವಿದ್ಯೆಯನ್ನು ಬುದ್ಧನ ಸನ್ನಿಧಿಯಲ್ಲೇ ಕಲಿಯೋಣವೆಂದು ಒಂದು ಭಾನುವಾರ ಸೇಡಂ ರಸ್ತೆಯ ಬುದ್ಧ ವಿಹಾರಕ್ಕೆ ಹೋದೆ. ಬೆಳಿಗ್ಗೆ ಆರಕ್ಕೆ ಹೋಗುವ ಯೋಜನೆ. ಗ್ಯಾಸ್ ಸಿಲಿಂಡರ್, ತರಕಾರಿ, ಮಗಳ ಪ್ರಾಜೆಕ್ಟಿನ ಥರ್ಮೋಕೋಲ್ ಮುಗಿಸಿ ಹೊರಟಾಗ ಹನ್ನೆರಡಾಗಿತ್ತು. ತಿಂಗಳು ಮೇ. ಬಿಸಿಲು 42 ಡಿಗ್ರಿ ದಾಟಿದರೆ ನಮ್ಮ ಊರಿನಲ್ಲಿ ಅದು ಸುದ್ದಿಯಲ್ಲ.

ಚಪ್ಪಲಿ ಬಿಟ್ಟು ಹಾಸುಗಲ್ಲಿನ ಮೇಲೆ ನಿಂತೆ. ಮೊದಲು ಹಿಮ್ಮಡಿ ಊರಬೇಕು, ನಂತರ ಅಂಗಾಲು, ಕಡೆಗೆ ಬೆರಳು. ಪ್ರತಿ ಸ್ಪರ್ಶವನ್ನೂ ಗಮನಿಸಬೇಕು. ಹಿಮ್ಮಡಿ ಊರಿದೆ. ಗಮನಿಸಿದೆ. ಅಂಗಾಲು ಊರುವಾಗ, ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದ ಕ್ಷಣದಲ್ಲಿ ರೊಟ್ಟಿಗೆ ಹೇಗಾಗುತ್ತದೆ ಎಂಬುದು ತಿಳಿದುಹೋಯಿತು. ನೋವನ್ನು ವಿರೋಧಿಸಬೇಡಿ, ಬರಮಾಡಿಕೊಳ್ಳಿ ಎಂದಿದ್ದರಲ್ಲ, ಬರಮಾಡಿಕೊಂಡೆ. ಅದು ಬಂದು ಮೊಣಕಾಲಿನವರೆಗೂ ಕುಳಿತುಕೊಂಡಿತು. ನನ್ನ ಮುಂದಿದ್ದ ಕುಟುಂಬವೊಂದು, ಸೆರಗು ಹಿಡಿದ ಅಜ್ಜಿಯೂ ಸೇರಿ, ಜಿಂಕೆಗಳಂತೆ ನೆಗೆಯುತ್ತ ನೆರಳು ಸೇರಿತು. ಬಯಲಿನಲ್ಲಿ ಉಳಿದವನು ನಾನೊಬ್ಬ, ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ನೆರಳು ಮುಟ್ಟಿದ ಅಜ್ಜಿ ತಿರುಗಿ ನೋಡಿ, “ಅಲ್ಲಿ ಏಕೆ ನಿಂತಿದ್ದೀ ತಮ್ಮಾ? ಓಡು!” ಎಂದು ಕೂಗಿದರು.

ಓಡಿದೆ. ಒಳಗೆ ತಂಪಿತ್ತು. ಬುದ್ಧನ ಎದುರು ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಕುಳಿತೆ. ಅಷ್ಟು ಹೊತ್ತೂ ನನ್ನ ಮನಸ್ಸು ಅಂಗಾಲನ್ನು ಬಿಟ್ಟು ಅತ್ತಿತ್ತ ಕದಲಲಿಲ್ಲ. ಇಂಥ ಏಕಾಗ್ರತೆ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಕಾಲು ಸುಟ್ಟ ಮೇಲೆ ಉಳಿದದ್ದು ಉಸಿರು. ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಬೇಕು. ನಡುವೆ ಗಮನ ತಪ್ಪಿದರೆ ಬೇಸರಿಸದೆ ಮತ್ತೆ ಒಂದರಿಂದ ಶುರುಮಾಡಬೇಕು. ಇದಕ್ಕೆ ಖರ್ಚಿಲ್ಲ, ಬಿಸಿಲಿಲ್ಲ. ಒಂದು ಬೆಳಿಗ್ಗೆ ಹೆಂಡತಿ ತೊಗರಿ ಬೇಳೆ ಕುಕ್ಕರ್‌ಗೆ ಹಾಕಿ, “ನೀರು ಬಂದಿದೆ, ಹಿಡಿದು ಬರುತ್ತೇನೆ. ಮೂರು ಸೀಟಿಗೆ ಆರಿಸಿ ರೀ” ಎಂದು ಹೇಳಿ ಅಂಗಳಕ್ಕೆ ಹೋದಳು. ಕೆಲಸವೂ ಆಯಿತು, ಸಾಧನೆಯೂ ಆಯಿತು ಎಂದು ಅಡುಗೆಮನೆಯಲ್ಲೇ ಸ್ಟೂಲು ಎಳೆದುಕೊಂಡು ಕುಳಿತೆ.

ಆರನೆಯ ಉಸಿರಿಗೆ ಮೊದಲ ಸೀಟಿ ಬಂತು. ಬೆಚ್ಚಿದೆ. ಗಮನ ತಪ್ಪಿತು. ಬೇಸರಿಸದೆ ಮತ್ತೆ ಒಂದರಿಂದ ಶುರುಮಾಡಿದೆ. ಏಳನೆಯ ಉಸಿರಿಗೆ ಮತ್ತೆ ಸೀಟಿ. ಮತ್ತೆ ಒಂದು. ತೊಡಕು ಇದ್ದದ್ದು ಇಲ್ಲೇ. ಉಸಿರಿನ ಲೆಕ್ಕ ಒಂದಕ್ಕೆ ಮರಳಿದಾಗಲೆಲ್ಲ ಸೀಟಿಯ ಲೆಕ್ಕವೂ ಅದರ ಬೆನ್ನು ಹತ್ತಿ ಒಂದಕ್ಕೆ ಮರಳುತ್ತಿತ್ತು. ಹೀಗಾಗಿ ನಮ್ಮ ಕುಕ್ಕರ್ ನನ್ನ ಪಾಲಿಗೆ ಕೊನೆಯವರೆಗೂ ಒಂದೇ ಸೀಟಿ ಹಾಕಿತು. ಪಾಲಿಯ ಸತಿ ನನ್ನನ್ನು ಯಾವಾಗ ಬಿಟ್ಟುಹೋಗಿದ್ದಳೋ ತಿಳಿಯದು, ಕನ್ನಡದ ಸತಿ ವಾಸನೆ ಹಿಡಿದು ಕೊಡದೊಂದಿಗೆ ಓಡಿಬಂದಳು.

2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿ ಬೇಳೆ ತಳದಲ್ಲಿ ಕಪ್ಪು ರೊಟ್ಟಿಯಾಗಿ ಕುಳಿತಿತ್ತು.

“ಎಷ್ಟು ಸೀಟಿ ಆದವು?”

“ಒಂದು” ಎಂದೆ. ಪ್ರಾಮಾಣಿಕವಾಗಿಯೇ ಹೇಳಿದೆ.

“ಹನ್ನೊಂದು, ಅಕ್ಕಾ!” ಗೋಡೆಯಾಚೆಯಿಂದ ಪಕ್ಕದ ಮನೆಯ ಹುಡುಗಿಯ ದನಿ ಬಂತು. ಅವಳು ಅಲ್ಲಿ ಮಗುವಿಗೆ ತಲೆ ಬಾಚುತ್ತ, ಫೋನಿನಲ್ಲಿ ತವರಿನವರ ಜೊತೆ ಮಾತನಾಡುತ್ತ, ತನ್ನ ಮನೆಯ ಹಾಲನ್ನೂ ಕಾಯುತ್ತಿದ್ದಳು. ಹಾಲು ಉಕ್ಕಿರಲಿಲ್ಲ.

ಆ ದಿನ ಡಬ್ಬಿಗೆ ರೊಟ್ಟಿಯೂ ಶೇಂಗಾ ಹಿಂಡಿಯೂ ಬಂದವು. ಕುಕ್ಕರ್ ತಿಕ್ಕುವ ಕೆಲಸ ನನಗೇ ಬಂತು. ತಳ ಕಾಣಲು ಮೂರು ದಿನ ಹಿಡಿಯಿತು.

ಈಗ ಹೆಂಡತಿ ನೀರಿಗೆ ಹೋಗುವಾಗ ನನಗೆ ಏನೂ ಹೇಳುವುದಿಲ್ಲ, ಗೋಡೆಯಾಚೆಗೆ ಹೇಳಿ ಹೋಗುತ್ತಾಳೆ. ನಾನು ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕುಳಿತಿರುತ್ತೇನೆ. “ಕಾಕಾ, ಮೂರು!” ಎಂಬ ಕೂಗು ಬಂದಾಗ ಎದ್ದು ಆರಿಸುತ್ತೇನೆ. ಕೆಲವು ದಿನ ಅಷ್ಟರೊಳಗೆ ಎಂಟನೆಯ ಉಸಿರಿನವರೆಗೂ ಹೋಗಿರುತ್ತೇನೆ.